ಲಾರ್ಡ್ ಹೋವ್ ಕಡ್ಡಿಹುಳವನ್ನು ಸಾಕಿ ಉಳಿಸಿದರು, ವ್ಯಾಲೇಸ್ ದೈತ್ಯ ಜೇನನ್ನು ಯಾಕೆ ಸಾಕುತ್ತಿಲ್ಲ?

ಮಡಿವಾಳಹಕ್ಕಿ ಕೇಳಿದ್ದು:

ಎರಡೂ ಕಾಡಿನ ಕೀಟ, ಎರಡೂ ದ್ವೀಪವಾಸಿ, ಎರಡೂ ಕಾಣೆಯಾಗಿ ದಶಕಗಟ್ಟಲೆ ಕಳೆದ ಮೇಲೆ ಮತ್ತೆ ಸಿಕ್ಕಂಥವು. ಒಂದು ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದ ಕಡ್ಡಿಹುಳ, ಡ್ರೈಯೋಕೋಸೀಲಸ್ ಆಸ್ಟ್ರಾಲಿಸ್. ಇನ್ನೊಂದು ಇಂಡೋನೇಷ್ಯಾದ ಉತ್ತರ ಮಲುಕು ದ್ವೀಪಗಳ ವ್ಯಾಲೇಸ್ ದೈತ್ಯ ಜೇನು, ಮೆಗಾಕೈಲ್ ಪ್ಲೂಟೋ. ಮೊದಲನೆಯದನ್ನು 2003ರಲ್ಲಿ ಎರಡೇ ಜೋಡಿ ತಂದು ಮೆಲ್ಬರ್ನ್ ಮೃಗಾಲಯದಲ್ಲಿ ಸಾವಿರಗಟ್ಟಲೆ ಮಾಡಿದರು. ಎರಡನೆಯದು 1981ರಲ್ಲಿ ಸಿಕ್ಕಿತು, ಮತ್ತೆ 2019ರಲ್ಲಿ ಸಿಕ್ಕಿತು, ಸಾಕುವ ಮಾತನ್ನೇ ಯಾರೂ ಎತ್ತುತ್ತಿಲ್ಲ. ದುಡ್ಡಿನ ಅಭಾವವೋ, ಆಸಕ್ತಿಯ ಅಭಾವವೋ, ಅಥವಾ ಕೀಟದ ಬದುಕೇ ಅಂಥದ್ದೋ? ಎರಡನ್ನೂ ಅಕ್ಕಪಕ್ಕ ಇಟ್ಟು ಒಂದು ಭಿತ್ತಿಪತ್ರ ಮಾಡಬೇಕಾಗಿದೆ. ತಿಳಿದವರು ವಿವರವಾಗಿ ಹೇಳಿದರೆ ಉಪಕಾರ. ಇನ್ನೊಂದು ಪ್ರಶ್ನೆ: ಕಡ್ಡಿಹುಳ "ತೀವ್ರ ಅಪಾಯ"ದ ವರ್ಗದಲ್ಲಿದೆ, ಜೇನು ಬರೀ "ದುರ್ಬಲ" ವರ್ಗದಲ್ಲಿ. ಕಂಡದ್ದು ಜೇನೇ ಕಡಿಮೆ ಅಲ್ಲವೇ?

ಕಡ್ಡಿಪುರಾಣ:

ಕೀಟದ ಬದುಕೇ ಕಾರಣ. ಕಡ್ಡಿಹುಳಕ್ಕೆ ಬೇಕಾದದ್ದು ಮೂರು: ಎಲೆ, ಹಗಲು ಅಡಗಲು ಪೊಟರೆ, ಮೊಟ್ಟೆ ಇಡಲು ಸಡಿಲ ಮಣ್ಣು. ಮೂರನ್ನೂ ಗಾಜಿನ ಕೋಣೆಯೊಳಗೆ ಕೊಡಬಹುದು. ಜೇನಿಗೆ ಬೇಕಾದ್ದರಲ್ಲಿ ಅರ್ಧವನ್ನೂ ಹಾಗೆ ಕೊಡಲಾಗದು. ಆ ಕಡೆಯದನ್ನು ಗೆದ್ದಲುಗಣ್ಣು ಅವರು ಬರೆಯಲಿ, ನಾನು ಕಡ್ಡಿಹುಳದ್ದು ಹೇಳುತ್ತೇನೆ.

ಹೆಣ್ಣು ಸುಮಾರು 15 ಸೆಂ.ಮೀ. ಉದ್ದ, ತೂಕ 25 ಗ್ರಾಂ ವರೆಗೆ. ರೆಕ್ಕೆ ಇಲ್ಲ. "ಕಡ್ಡಿ" ಎನ್ನುವ ಹೆಸರೇ ಇದಕ್ಕೆ ಹೊಂದುವುದಿಲ್ಲ, ಕೈಯಲ್ಲಿ ಹಿಡಿದರೆ ಕಪ್ಪು ಸೀಗಡಿ ಹಿಡಿದ ಹಾಗೆ. ಅಲ್ಲಿನವರು ಮರದ ಲಾಬ್‌ಸ್ಟರ್ ಅನ್ನುತ್ತಿದ್ದರು, ಗಾಳಕ್ಕೆ ಸಿಕ್ಕಿಸಿ ಮೀನು ಹಿಡಿಯುತ್ತಿದ್ದರು. ಗಂಡು ಸ್ವಲ್ಪ ಚಿಕ್ಕದು, ಹಿಂಗಾಲಿನ ತೊಡೆ ದಪ್ಪ, ಮೇಲೆ ಮುಳ್ಳು. ಮರಿ ಹುಟ್ಟಿದಾಗ ತಿಳಿಹಸಿರು, ಹಗಲಲ್ಲೇ ಎಲೆ ಮೇಲೆ ಓಡಾಡುತ್ತದೆ. ಬೆಳೆದಂತೆ ಕಂದು, ಆಮೇಲೆ ಕಪ್ಪು. ಬಣ್ಣ ಬದಲಾದಂತೆ ವೇಳೆಯೂ ಬದಲು: ಬೆಳೆದದ್ದು ಹಗಲೆಲ್ಲ ಪೊಟರೆಯಲ್ಲಿ ಗುಂಪಾಗಿ ಒತ್ತಿಕೊಂಡು ಕೂತಿದ್ದು ರಾತ್ರಿ ಮೇಯಲು ಹೊರಡುತ್ತದೆ. ಒಂದೇ ಕೀಟಕ್ಕೆ ಎರಡು ಬಗೆಯ ವಸತಿ ಬೇಕು ಎನ್ನುವುದು ಇಲ್ಲಿಂದ ಬರುತ್ತದೆ. ಮರಿಗೆ ಬೆಳಕು ಬೀಳುವ, ಎಳೆ ಎಲೆಯ ಗಿಡ. ದೊಡ್ಡದಕ್ಕೆ ಕತ್ತಲ ಮರದ ಪೆಟ್ಟಿಗೆ, ಒಳಗೆ ಮೈ ಒತ್ತಿಕೊಳ್ಳುವಷ್ಟು ಇಕ್ಕಟ್ಟು ಇದ್ದರೆ ಒಳ್ಳೆಯದು.

ಸಾಕಣೆಯಲ್ಲಿ ಎಲ್ಲಿ ಕೆಡುತ್ತದೆ ಎಂದರೆ:

ಮೊಟ್ಟೆ. ಹೆಣ್ಣು ಹೊಟ್ಟೆಯ ತುದಿಯನ್ನು ಮಣ್ಣಿಗೆ ಚುಚ್ಚಿ ಮೊಟ್ಟೆ ಹೂಳುತ್ತದೆ. ಒಡೆಯಲು 6ರಿಂದ 9 ತಿಂಗಳು. ಅಷ್ಟು ದಿನ ಮರಳಿನ ತಟ್ಟೆ ಒದ್ದೆಯೂ ಆಗಬಾರದು, ಪೂರ್ತಿ ಒಣಗಲೂ ಬಾರದು. ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ. ಒಣಗಿದರೆ ಮರಿ ಮುಚ್ಚಳ ತೆರೆದು ಅರ್ಧ ಬಂದು, ಕಾಲು ಚಿಪ್ಪಿನೊಳಗೇ ಸಿಕ್ಕಿ ಸಾಯುತ್ತದೆ. ತಟ್ಟೆಗೊಂದು ತಾರೀಕು ಬರೆಯದಿದ್ದರೆ ಆರು ತಿಂಗಳಾದ ಮೇಲೆ ಯಾವುದು ಕೆಟ್ಟದ್ದು, ಯಾವುದು ಇನ್ನೂ ಮಲಗಿದ್ದು ಎಂದು ಹೇಳಲು ಬರುವುದಿಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಒಳ್ಳೆಯ ಮೊಟ್ಟೆ ಎಸೆದುಬಿಡುವುದು ಹೀಗೇ.

ಪೊರೆ ಕಳಚುವುದು. ಮರಿ ತಲೆಕೆಳಗಾಗಿ ನೇತಾಡಿ ಹಳೆ ಚರ್ಮದಿಂದ ಜಾರಿ ಇಳಿಯಬೇಕು. ಕೆಳಗೆ ಮೈಯುದ್ದದ ಮೂರು ಪಟ್ಟು ಖಾಲಿ ಜಾಗ ಬೇಕೆನ್ನುವುದು ಕಡ್ಡಿಹುಳ ಸಾಕುವವರೆಲ್ಲರ ಲೆಕ್ಕ. ಜಾಗ ಸಾಲದೆ ನೆಲಕ್ಕೆ ತಾಗಿದರೆ ಮೈ ಸೊಟ್ಟಗೇ ಗಟ್ಟಿಯಾಗುತ್ತದೆ. ಗಾಳಿ ಒಣಗಿದ್ದರೆ ಪೊರೆ ಕಾಲಿಗೆ ಅಂಟಿಕೊಳ್ಳುತ್ತದೆ. ಬಿಡಿಸಲು ಕೈ ಹಾಕಿದರೆ ಕಾಲೇ ಕಳಚಿ ಬರುತ್ತದೆ. ಮರಿಯಾಗಿದ್ದರೆ ಮುಂದಿನ ಪೊರೆಯಲ್ಲಿ ಕಾಲು ಸ್ವಲ್ಪ ಚಿಕ್ಕದಾಗಿ ಮತ್ತೆ ಮೂಡುತ್ತದೆ. ಬೆಳೆದ ಹುಳ ಮತ್ತೆ ಪೊರೆ ಬಿಡುವುದಿಲ್ಲ, ಹಾಗಾಗಿ ಹೋದ ಕಾಲು ಹೋದ ಹಾಗೇ.

ಮೇವು. ಮೂಲ ಗಿಡ ಮೆಲಲೂಕಾ ಹೋವಿಯಾನಾ. ಕಾಡಿನಿಂದ ತಂದ ಹೆಣ್ಣು ಕೆಲವೇ ದಿನಗಳಲ್ಲಿ ಸಾಯುವ ಹಂತಕ್ಕೆ ಹೋಗಿತ್ತು. ಮೃಗಾಲಯದ ಪ್ಯಾಟ್ರಿಕ್ ಹೋನನ್ ಕ್ಯಾಲ್ಸಿಯಂ ಸೇರಿಸಿದ ಸಿಹಿ ದ್ರವವನ್ನು ಹನಿಹನಿಯಾಗಿ ಬಾಯಿಗೆ ಬಿಟ್ಟು ಉಳಿಸಿಕೊಂಡರು. ಬೇರೆ ಕಡೆ ಸಾಕಲು ಒಯ್ದ ಇನ್ನೊಂದು ಜೋಡಿ ಬದುಕಲಿಲ್ಲ. ಅಂದರೆ ಇಡೀ ಸಾಕಣೆ ನಿಂತದ್ದು ಒಂದು ಹೆಣ್ಣಿನ ಮೇಲೆ. ಮೊದಲ ಮರಿ 2003ರ ಸೆಪ್ಟೆಂಬರಿನಲ್ಲಿ ಹೊರಬಂತು, 2012ರ ಹೊತ್ತಿಗೆ ಅಲ್ಲಿ ಬೆಳೆಸಿದ್ದು 9,000 ದಾಟಿತ್ತು.

ಒಂದು ಹೆಣ್ಣಿನಿಂದ ಇದು ಸಾಧ್ಯವಾದದ್ದಕ್ಕೆ ಎರಡು ಕಾರಣ. ಹೆಣ್ಣೊಂದು ಬದುಕಿರುವಷ್ಟೂ ಕಂತುಕಂತಾಗಿ ನೂರಾರು ಮೊಟ್ಟೆ ಇಡುತ್ತದೆ. ಅಲ್ಲದೆ ಗಂಡು ಸಿಗದಿದ್ದರೂ ಮೊಟ್ಟೆ ಒಡೆದು ಹೆಣ್ಣುಮರಿ ಬರಬಲ್ಲದು. ಇವೆರಡೂ ಜೇನಿಗಿಲ್ಲ.

ಗೆದ್ದಲುಗಣ್ಣು:

ಜೇನಿನ ಕಡೆ. ಮೊದಲು ಒಂದು ತಪ್ಪು ಕಲ್ಪನೆ ಬಿಡಿ: ಜೇನು ಎಂದ ಕೂಡಲೇ ಹುಟ್ಟು, ರಾಣಿ, ತುಪ್ಪ ಎಲ್ಲ ನೆನಪಾಗುತ್ತವೆ. ಇಲ್ಲಿ ಅದ್ಯಾವುದೂ ಇಲ್ಲ. ಇದು ಎಲೆ ಕತ್ತರಿಸುವ ಜೇನುಗಳ ಕುಟುಂಬದ್ದು. ಪ್ರತಿ ಹೆಣ್ಣೂ ತನ್ನ ಕೋಣೆ ತಾನೇ ಕಟ್ಟಿ, ತಾನೇ ಪರಾಗ ತಂದು, ತಾನೇ ಮೊಟ್ಟೆ ಇಡುತ್ತದೆ. ಪರಾಗ ಹೊರುವುದು ಕಾಲಿನ ಬುಟ್ಟಿಯಲ್ಲಲ್ಲ, ಹೊಟ್ಟೆಯಡಿಯ ಕೂದಲಿನಲ್ಲಿ. ಹೆಣ್ಣಿನ ಉದ್ದ ಸುಮಾರು 38 ಮಿ.ಮೀ., ರೆಕ್ಕೆ ಬಿಚ್ಚಿದರೆ ಸುಮಾರು 63 ಮಿ.ಮೀ. ಗಂಡು ಅದಕ್ಕಿಂತ ಬಹಳ ಚಿಕ್ಕದು, 23 ಮಿ.ಮೀ. ಆಸುಪಾಸು.

ಆದರೆ ಪೂರಾ ಒಂಟಿಯೂ ಅಲ್ಲ. 1981ರಲ್ಲಿ ಕೀಟತಜ್ಞ ಆಡಮ್ ಮೆಸ್ಸರ್ ಬಚಾನ್ ಮತ್ತು ಹತ್ತಿರದ ದ್ವೀಪಗಳಲ್ಲಿ ಆರು ಗೂಡು ಕಂಡರು. ಒಂದೇ ಗೂಡಿನಲ್ಲಿ ಹಲವು ಹೆಣ್ಣುಗಳು ಒಟ್ಟಿಗೆ ಇದ್ದವು. ವಠಾರ ಅಂದುಕೊಳ್ಳಿ. ಬಾಗಿಲು ಒಂದು, ಒಲೆ ಬೇರೆ ಬೇರೆ.

ಆ ವಠಾರ ಇರುವುದು ಎಲ್ಲಿ? ಮರದ ಮೇಲೆ ಗೆದ್ದಲು ಕಟ್ಟಿದ ಜೀವಂತ ಗೂಡಿನ ಒಳಗೆ. ಗೆದ್ದಲಿನ ಹೆಸರು ಮೈಕ್ರೋಸೆರೋಟರ್ಮಿಸ್ ಅಂಬೋಯ್ನೆನ್ಸಿಸ್. ಗೂಡು ಅಂದರೆ ನೆಲದ ಹುತ್ತವಲ್ಲ. ಅಗಿದ ಮರ, ಹಿಕ್ಕೆ ಸೇರಿಸಿ ಕಾಂಡಕ್ಕೆ ಅಂಟಿಸಿದ ರಟ್ಟಿನಂಥ ದೊಡ್ಡ ಉಂಡೆ. ಜೇನು ಅದನ್ನು ಕೊರೆದು ಒಳನುಗ್ಗುತ್ತದೆ. ಗೆದ್ದಲು ಅದಕ್ಕೆ ಒಪ್ಪಿಗೆ ಕೊಟ್ಟಿರುವುದಿಲ್ಲ. ಎಲ್ಲಿ ತೂತು ಬಿದ್ದರೂ ಮುಚ್ಚುವುದೇ ಅದರ ಕೆಲಸ. ಹಾಗಾಗಿ ಜೇನು ಕೊರೆದಲ್ಲೆಲ್ಲ ಗೋಡೆಗೆ ಮರದ ರಾಳ ಮೆತ್ತುತ್ತಾ ಹೋಗುತ್ತದೆ. ಅಂಟಿನ ಮೇಲೆ ಗೆದ್ದಲು ಕಾಲಿಡುವುದಿಲ್ಲ. ಒಂದೇ ಉಂಡೆಯೊಳಗೆ ಎರಡು ಸಂಸಾರ, ನಡುವೆ ರಾಳದ ಗೋಡೆ.

ರಾಳ ತರುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಹೆಣ್ಣಿನ ಆ ವಿಕಾರ ಮುಖ ಯಾಕೆ ಹಾಗಿದೆ ಎಂದು ಅರ್ಥವಾಗುತ್ತದೆ. ಗಾಯವಾದ ಕಾಂಡದಲ್ಲಿ ರಾಳ ಜಿನುಗುವಲ್ಲಿ ಕೂತು, ದೊಡ್ಡ ದವಡೆಗಳಿಂದ ಕೆರೆದು ತೆಗೆಯುತ್ತದೆ. ಉದ್ದವಾದ ಮೇಲ್ದುಟಿಯನ್ನು ಒತ್ತುಕೊಟ್ಟು ಉರುಟು ಮಾಡಿ ಉಂಡೆ ಕಟ್ಟುತ್ತದೆ. ಉಂಡೆಯನ್ನು ದವಡೆಯಲ್ಲೇ ಕಚ್ಚಿಕೊಂಡು ಗೂಡಿಗೆ. ಅಲ್ಲಿ ಮರದ ನಾರು ಬೆರೆಸಿ ಬಳಿಯುವುದು. ಮತ್ತೆ ರಾಳಕ್ಕೆ. ಇದು ಒಂದು ಸಲದ ಕೆಲಸವಲ್ಲ, ಹೋಗುವುದು ಬರುವುದು ನಡೆದೇ ಇರುತ್ತದೆ. ಹೆಚ್ಚಾಗಿ ಹೋಗುವುದು ಅನಿಸಾಪ್ಟೆರಾ ಥುರಿಫೆರಾ ಎಂಬ ಮರಕ್ಕೆ, ನಮ್ಮ ಧೂಪದ ಮರದ ಕುಟುಂಬದ್ದು. ಗಂಡಿಗೆ ಈ ದವಡೆ ಇಲ್ಲ, ಕೆಲಸವೂ ಇಲ್ಲ.

ಈಗ ಸಾಕುವ ಲೆಕ್ಕ ಹಾಕಿ. ಜೀವಂತ ಗೆದ್ದಲು ಗೂಡು ಬೇಕು. ರಾಳ ಸುರಿಯುವ ದೊಡ್ಡ ಮರ ಬೇಕು. ಋತುವಿಡೀ ಹೂವು ಬೇಕು. ಇಷ್ಟಕ್ಕೂ ನಡುವೆ ಹಾರಲು ಜಾಗ ಬೇಕು. ಕಾಡಿನ ತುಂಡೊಂದಕ್ಕೆ ಬಲೆ ಹಾಕಿದ ಹಾಗಾಯಿತು. ಅಷ್ಟು ಮಾಡುವ ಬದಲು ಕಾಡಿನ ತುಂಡನ್ನೇ ಉಳಿಸಿದರೆ ಬಲೆಯ ಖರ್ಚಾದರೂ ತಪ್ಪುತ್ತದೆ.

ಅಂಟುವಾಳ:

ಇದೇ ಕುಲದ ಬೇರೆ ಜೇನುಗಳಿಗೆ ಬಿದಿರಿನ ತುಂಡು, ತೂತು ಕೊರೆದ ಮರದ ದಿಮ್ಮಿ ಇಟ್ಟರೆ ಬಂದು ಗೂಡು ಕಟ್ಟುತ್ತವೆ. ಇದಕ್ಕೂ ರಟ್ಟು, ಮರದ ಪುಡಿ ಸೇರಿಸಿ ಗೆದ್ದಲು ಗೂಡಿನಂಥ ಉಂಡೆ ಮಾಡಿಟ್ಟರೆ? ಇಲ್ಲವೇ ಗೆದ್ದಲು ಗೂಡನ್ನೇ ಕತ್ತರಿಸಿ ತಂದರೆ?

ಗೆದ್ದಲುಗಣ್ಣು:

ಎರಡನೆಯದಕ್ಕೆ ಮೊದಲು ಉತ್ತರ. ಮರದ ಮೇಲಿನ ಗೆದ್ದಲು ಗೂಡು ಕುಂಡದಂತೆ ಎತ್ತಿಕೊಂಡು ಹೋಗುವ ವಸ್ತುವಲ್ಲ. ಅದರಿಂದ ಕಾಂಡದುದ್ದಕ್ಕೂ ಮುಚ್ಚಿದ ಸುರಂಗ ಕೆಳಗಿಳಿದಿರುತ್ತದೆ. ಮೇವೂ ನೀರೂ ಆ ದಾರಿಯಲ್ಲೇ. ಕತ್ತರಿಸಿದ ಕ್ಷಣ ದಾರಿ ಕಡಿಯಿತು, ಒಳಗಿನ ತೇವ ಇಳಿಯತೊಡಗಿತು, ಕತ್ತರಿಸಿದ ಬಾಯಿಯಿಂದ ಇರುವೆ ನುಗ್ಗಿತು. ಗೆದ್ದಲು ಸತ್ತರೆ ಉಂಡೆ ಒಣಗಿ ಬಿರುಕು ಬಿಡುತ್ತದೆ, ಆಮೇಲೆ ಒಳಗಿನ ಜೇನಿನ ಮರಿಹುಳಕ್ಕೂ ರಕ್ಷಣೆ ಇಲ್ಲ. ಒಳಗಿನ ಬಿಸಿ ತೇವ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಉಳಿಯುವುದು ಗೆದ್ದಲು ಬದುಕಿ ದುರಸ್ತಿ ಮಾಡುತ್ತಿರುವವರೆಗೆ ಮಾತ್ರ.

ಕೃತಕ ಉಂಡೆಯ ತೊಂದರೆಯೂ ಅದೇ: ಅದು ಸತ್ತ ಗೂಡು. ತೂತಿನ ದಿಮ್ಮಿಗೆ ಬರುವ ಜೇನುಗಳು ಸಿಕ್ಕ ತೂತಿನಲ್ಲಿ ಗೂಡು ಮಾಡುವಂಥವು, ಇದು ಗೆದ್ದಲನ್ನೇ ಹುಡುಕಿ ಹೋಗುವಂಥದ್ದು.

ಇನ್ನೊಂದು ಅಡ್ಡಿ ರಕ್ತಸಂಬಂಧದ್ದು. ಜೇನು, ಕಣಜಗಳಲ್ಲಿ ಸಾಮಾನ್ಯವಾಗಿ ಗಂಡು ಕೂಡದ ಮೊಟ್ಟೆ ಗಂಡಾಗುತ್ತದೆ, ಕೂಡಿದ ಮೊಟ್ಟೆ ಹೆಣ್ಣು. ಬಹುತೇಕ ಪ್ರಭೇದಗಳಲ್ಲಿ ಹೆಣ್ಣಾಗಲು ಒಂದು ನಿರ್ದಿಷ್ಟ ಜೀನಿನ ಎರಡು ಪ್ರತಿಗಳು ಬೇರೆ ಬೇರೆ ಇರಬೇಕು. ಅಣ್ಣತಂಗಿ ಕೂಡಿದರೆ ಎರಡೂ ಒಂದೇ ಆಗುವ ಸಾಧ್ಯತೆ ಹೆಚ್ಚು. ಆಗ ಹೆಣ್ಣಾಗಬೇಕಿದ್ದ ಮೊಟ್ಟೆ ಪ್ರಯೋಜನವಿಲ್ಲದ, ಸಾಮಾನ್ಯವಾಗಿ ಸಂತಾನ ಕೊಡದ ಗಂಡಾಗುತ್ತದೆ. ಎರಡೇ ಜೋಡಿಯಿಂದ ಕಡ್ಡಿಹುಳದಂತೆ ಶುರುಮಾಡಿದರೆ ಕೆಲವೇ ತಲೆಮಾರಿನಲ್ಲಿ ಹೆಣ್ಣು ಸಾಲದೆ ಸಾಕಣೆ ನಿಲ್ಲುತ್ತದೆ. ಕಡ್ಡಿಹುಳ ಗಂಡಿಲ್ಲದೆಯೂ ಹೆಣ್ಣು ಕೊಡುತ್ತದೆ, ಜೇನು ಗಂಡಿಲ್ಲದಿದ್ದರೆ ಬರೀ ಗಂಡು ಕೊಡುತ್ತದೆ. ಭಿತ್ತಿಪತ್ರಕ್ಕೆ ಒಂದೇ ವ್ಯತ್ಯಾಸ ಹಾಕಲು ಜಾಗವಿದ್ದರೆ ಇದನ್ನೇ ಹಾಕಿ.

ಕಡ್ಡಿಪುರಾಣ:

ಇದಕ್ಕೆ ಒಂದು ತಿದ್ದುಪಡಿ ಸೇರಿಸಲೇಬೇಕು. ಕಡ್ಡಿಹುಳಕ್ಕೂ ಒಳಸಂತಾನ ಪುಕ್ಕಟೆ ಅಲ್ಲ. ಅದಕ್ಕೇ 2017ರಲ್ಲಿ, ಹುಳ ಕಾಡಿನಲ್ಲಿ ಉಳಿದಿರುವ ಒಂದೇ ಸಮುದ್ರಬಂಡೆಯಾದ ಬಾಲ್ಸ್ ಪಿರಮಿಡ್‌ನಿಂದ ಇನ್ನೊಂದು ಹೆಣ್ಣನ್ನು ತಂದು ಸಾಕಿದ ಗಂಡುಗಳ ಜೊತೆ ಬಿಟ್ಟದ್ದು. ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಬೇಡವೆಂದು ಬ್ರಿಸ್ಟಲ್, ಸ್ಯಾನ್ ಡಿಯಾಗೋ, ಟೊರಾಂಟೋ ಮೃಗಾಲಯಗಳಿಗೂ ಕಳಿಸಿದರು. ಇಲ್ಲಿ "ಮೊಟ್ಟೆ" ಅಕ್ಷರಶಃ ಮೊಟ್ಟೆಯೇ. ಆರು ತಿಂಗಳು ಸುಮ್ಮನೆ ಮಲಗುವ ಮೊಟ್ಟೆಗೆ ದಾರಿಯಲ್ಲಿ ಮೇವೂ ಬೇಡ, ಪೊರೆ ಬಿಡುವ ಗೋಳೂ ಇಲ್ಲ.

ವರ್ಗದ ಪ್ರಶ್ನೆಗೆ: ಐಯುಸಿಎನ್ (ಅಪಾಯದಲ್ಲಿರುವ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ಕೊಡುವ ವರ್ಗ ಎಷ್ಟು ಸಲ ಕಂಡಿತು ಎನ್ನುವುದರ ಮೇಲಲ್ಲ, ಎಷ್ಟು ಜಾಗದಲ್ಲಿದೆ, ಎಷ್ಟು ಕುಗ್ಗಿದೆ ಎನ್ನುವುದರ ಮೇಲೆ. ಜೇನಿನ ಕಾಡು ಹಲವು ದ್ವೀಪಗಳಲ್ಲಿ ಹರಡಿದೆ. ಕಡ್ಡಿಹುಳ ಕಾಡಿನಲ್ಲಿ ಉಳಿದದ್ದು ಲಾರ್ಡ್ ಹೋವ್‌ನಿಂದ 23 ಕಿ.ಮೀ. ದೂರದ, ಸಮುದ್ರದಿಂದ 550 ಮೀಟರಿಗೂ ಹೆಚ್ಚು ಎತ್ತರಕ್ಕೆ ಎದ್ದ ಒಂದೇ ಬಂಡೆಯಲ್ಲಿ. ಅಲ್ಲಿಯೂ ಕೆಲವೇ ಪೊದೆಗಳಡಿ, ಎಣಿಸಿದಾಗ ಸಿಕ್ಕಿದ್ದು 24. ಒಂದು ಬಂಡೆ ಜಾರಿದರೆ ಕಥೆ ಮುಗಿಯಿತು.

ಜೀರುಂಡೆ:

ಹುಡುಕುವ ರೀತಿಯಲ್ಲೂ ಎರಡಕ್ಕೂ ಅಜಗಜಾಂತರ, ಅದನ್ನೂ ಹಾಕಿ.

ಕಡ್ಡಿಹುಳವನ್ನು ಹುಡುಕುವುದು ಹಿಕ್ಕೆಯಿಂದ. 2001ರ ಫೆಬ್ರವರಿಯಲ್ಲಿ ಡೇವಿಡ್ ಪ್ರಿಡೆಲ್, ನಿಕೊಲಸ್ ಕಾರ್ಲೈಲ್ ತಂಡ ಹಗಲೆಲ್ಲ ಆ ಬಂಡೆ ಹತ್ತಿ ಬರಿಗೈಯಲ್ಲಿ ಇಳಿಯುವಾಗ ಕಂಡದ್ದು ಒಂದು ಪೊದೆಯಡಿಯ ದಪ್ಪ ಹಿಕ್ಕೆ. ಅಷ್ಟು ದೊಡ್ಡ ಹಿಕ್ಕೆ ಹಾಕುವ ಬೇರೆ ಕೀಟ ಅಲ್ಲಿಲ್ಲ. ರಾತ್ರಿ ಮತ್ತೆ ಹತ್ತಿ ಟಾರ್ಚ್ ಬಿಟ್ಟರೆ ಹುಳ ಎಲೆ ಮೇಲಿತ್ತು. ಹಗಲು ಹುಡುಕಿದ್ದರೆ ಹತ್ತು ಸಲ ಹೋದರೂ ಸಿಗುತ್ತಿರಲಿಲ್ಲ. ಕ್ರಮ ಇಷ್ಟೇ: ಹಗಲು ಹಿಕ್ಕೆ ನೋಡು, ಹಸಿಯೋ ಒಣಗಿದ್ದೋ ಗುರುತು ಹಾಕು, ಕತ್ತಲಾದ ಮೇಲೆ ಅದೇ ಪೊದೆಗೆ ಹೋಗು. ಪೊದೆಯಡಿಯ ಕಸವನ್ನು ಮಾತ್ರ ಕೆದಕಬಾರದು. ಮಣ್ಣಿನಲ್ಲಿ ಮೊಟ್ಟೆ ಇರುತ್ತವೆ, ಹಗಲು ಅಡಗುವುದೂ ಅಲ್ಲೇ.

ಜೇನಿನದು ತದ್ವಿರುದ್ಧ. ಅದು ಹಗಲಿನ ಜೀವಿ, ಆದರೆ ಹುಡುಕಬೇಕಾದದ್ದು ಜೇನನ್ನಲ್ಲ, ತೂತನ್ನು. ಆರೋಗ್ಯವಾದ ಗೆದ್ದಲು ಗೂಡಿನ ಮೈಯಲ್ಲಿ ತೆರೆದ ತೂತು ಇರುವುದಿಲ್ಲ. ಇದ್ದರೆ ಯಾರೋ ಅದನ್ನು ತೆರೆದಿಟ್ಟುಕೊಂಡಿದ್ದಾರೆ ಎಂದೇ ಅರ್ಥ. ಅಲ್ಲಿನ ಕೆಲವು ಮಿಂಚುಳ್ಳಿಗಳೂ ಗೆದ್ದಲು ಗೂಡನ್ನು ಕೊರೆದು ಮರಿ ಮಾಡುತ್ತವೆ, ಹಾಗಾಗಿ ತೂತು ಕಂಡ ಮಾತ್ರಕ್ಕೆ ಕುಣಿಯಬೇಡಿ. ಅಂಚಿನಲ್ಲಿ ರಾಳ ಮೆತ್ತಿ ಹೊಳೆಯುತ್ತಿದೆಯೇ ನೋಡಬೇಕು. 2019ರಲ್ಲಿ ಸಿಕ್ಕ ಗೂಡು ನೆಲದಿಂದ ಎರಡೂವರೆ ಮೀಟರಿನಷ್ಟೇ ಎತ್ತರದಲ್ಲಿತ್ತು, ತೂತಿಗೆ ರಾಳದ ಅಸ್ತರಿ ಇತ್ತು, ಒಳಗೆ ಒಂದು ಹೆಣ್ಣು. ರಾಳ ಕಂಡರೆ ಪಕ್ಕಕ್ಕೆ ಸರಿದು, ಹಾರುವ ದಾರಿಗೆ ಅಡ್ಡ ನಿಲ್ಲದೆ ಕಾಯಬೇಕು. ಅರ್ಧ ಗಂಟೆಯಲ್ಲಿ ಯಾರೂ ಬರದಿದ್ದರೆ ಮುಂದಿನ ಮರಕ್ಕೆ ಹೋಗಿ ಮತ್ತೆ ಬನ್ನಿ. ಗೂಡು ಒಡೆದು ನೋಡುವ ಆಸೆಗೆ ಬಿದ್ದರೆ ಗೆದ್ದಲು ತನ್ನ ಪಾಲಿನದನ್ನು ಮುಚ್ಚಿಕೊಳ್ಳುತ್ತದೆ, ಜೇನಿನ ಕೋಣೆ ಇರುವೆ ಪಾಲಾಗುತ್ತದೆ.

ಮಡಿವಾಳಹಕ್ಕಿ:

ಎಲ್ಲರಿಗೂ ಧನ್ಯವಾದ. ಹಾಗಾದರೆ ಎರಡನ್ನೂ ಕೊಂದದ್ದು ಯಾವುದು ಎಂದು ಬರೆಯಲಿ? "ಕಾಡಿನ ನಾಶ" ಎಂದು ಎರಡಕ್ಕೂ ಸೇರಿಸಿ ಬರೆದಿದ್ದೆ.

ಕಡ್ಡಿಪುರಾಣ:

ಸೇರಿಸಬೇಡಿ. ಕಡ್ಡಿಹುಳಕ್ಕೆ ಯಮನಾದದ್ದು ಇಲಿ. 1918ರ ಜೂನ್‌ನಲ್ಲಿ ಮಕಾಂಬೋ ಎಂಬ ಹಡಗು ಲಾರ್ಡ್ ಹೋವ್‌ನಲ್ಲಿ ನೆಲ ಹತ್ತಿತು, ಅದರಿಂದ ಕಪ್ಪು ಇಲಿ ಇಳಿಯಿತು. ಎರಡು ವರ್ಷದಲ್ಲಿ ಹುಳ ಕಾಣದಾಯಿತು. ಕಾಡು ಹಾಗೇ ಇತ್ತು. ಬಾವಲಿ ಬಿಟ್ಟರೆ ಮೂಲ ಸಸ್ತನಿಯೇ ಇಲ್ಲದ ದ್ವೀಪದಲ್ಲಿ ರೆಕ್ಕೆಯಿಲ್ಲದ, ನಿಧಾನದ, ಗುಂಪಾಗಿ ಪೊಟರೆಯಲ್ಲಿ ಮಲಗುವ 25 ಗ್ರಾಂ ತೂಕದ ಹುಳ ಇಲಿಗೆ ಬಡಿಸಿಟ್ಟ ಎಲೆ. 1964ರಲ್ಲಿ ಬಾಲ್ಸ್ ಪಿರಮಿಡ್ ಹತ್ತಿದವರಿಗೆ ಸತ್ತದ್ದೊಂದು ಸಿಕ್ಕಿದಾಗಲೇ ಸುಳಿವು ಬಂದದ್ದು. ಆ ಬಂಡೆಗೆ ಇಲಿ ಹೋಗಿರಲಿಲ್ಲ.

ಹಾಗಾಗಿ ಪರಿಹಾರವೂ ಇಲಿಯಿಂದಲೇ ಶುರು. 2019ರಲ್ಲಿ ದ್ವೀಪದ ತುಂಬ ಬ್ರೋಡಿಫಾಕೂಮ್ ವಿಷದ ಉಂಡೆ ಹಾಕಿದರು. ಕೆಲವೇ ಇಲಿ ಉಳಿದರೂ ಮತ್ತೆ ಹೆಚ್ಚುತ್ತವೆ, ಅದಕ್ಕೇ ಮನೆ ಅಂಗಳ, ಕಡಿದಾದ ಬೆಟ್ಟ ಯಾವುದನ್ನೂ ಬಿಡುವಂತಿರಲಿಲ್ಲ. ಹಕ್ಕಿ ವಿಷ ತಿನ್ನದಿರಲಿ ಎಂದು ಅಲ್ಲಿನ ವಿಶಿಷ್ಟ, ಹಾರಲಾರದ ವುಡ್‌ಹೆನ್ ಹಕ್ಕಿಗಳನ್ನು ಮೊದಲೇ ಹಿಡಿದು ಪಂಜರದಲ್ಲಿಟ್ಟಿದ್ದರು. ಇಲಿ ಹಿಡಿಯಲೆಂದು ಹಿಂದೆ ತಂದುಬಿಟ್ಟ ಗೂಬೆಗಳ ಚಿಂತೆಯೂ ಇತ್ತು, ಕಡ್ಡಿಹುಳ ಬಿಟ್ಟರೆ ಅದಕ್ಕೆ ರಾತ್ರಿಯೂಟ. ಸಾಕಿದ ಹುಳ ಎಷ್ಟೇ ಸಾವಿರವಿದ್ದರೂ ಈ ಕ್ರಮ ತಪ್ಪಿಸಿ ಬಿಟ್ಟರೆ ಇಲಿಗೆ ಸಾಕಿದಂತೆ.

ಅಂದ ಹಾಗೆ ಬಂಡೆಯ ಹುಳ ನೋಡಲು ಹಳೆಯ ಮ್ಯೂಸಿಯಂ ಮಾದರಿಗಳಿಗಿಂತ ಸ್ವಲ್ಪ ಬೇರೆಯಾಗಿತ್ತು. ಬೇರೆ ಪ್ರಭೇದವೇ ಇರಬಹುದೆಂಬ ಗುಮಾನಿ ಇತ್ತು. 2017ರಲ್ಲಿ ಡಿಎನ್‌ಎ ಹೋಲಿಸಿದಾಗ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ ಬಂತು, ಒಂದೇ ಎಂದು ತೀರ್ಮಾನವಾಯಿತು. ಆ ಗುಮಾನಿ ತೀರದೆ ಹಳೆಯ ದ್ವೀಪಕ್ಕೆ ಮರಳಿಸುವ ಮಾತಿಗೆ ಗಟ್ಟಿ ಬುನಾದಿ ಇರಲಿಲ್ಲ.

ಗೆದ್ದಲುಗಣ್ಣು:

ಜೇನಿಗೆ ಮಾತ್ರ "ಕಾಡಿನ ನಾಶ" ಸರಿ, ಅದನ್ನೂ ಬಿಡಿಸಿ ಬರೆಯಿರಿ. ತಗ್ಗು ನೆಲದ ಕಾಡಿನಲ್ಲಿ ಮೊದಲು ಹೋಗುವುದು ದೊಡ್ಡ ಮರ, ಅಂದರೆ ರಾಳದ ಮರ. ಹೊರಗಿನಿಂದ ನೋಡಿದರೆ ಕಾಡು ಹಸಿರಾಗಿಯೇ ಇರುತ್ತದೆ, ಗೆದ್ದಲು ಗೂಡೂ ಇರುತ್ತದೆ, ಮೆತ್ತಲು ರಾಳ ಇರುವುದಿಲ್ಲ. ತಾಳೆ ತೋಟವಾದರೆ ಅದೂ ಇಲ್ಲ.

ಎರಡನೆಯದು ಸಂಗ್ರಾಹಕರ ಆಸೆ. 2018ರಲ್ಲಿ ಆನ್‌ಲೈನ್ ಹರಾಜಿನಲ್ಲಿ ಒಣಗಿಸಿದ ಒಂದು ಹೆಣ್ಣು 9,100 ಡಾಲರಿಗೆ ಹೋಯಿತು. ಮರುವರ್ಷ ಗೂಡು ಸಿಕ್ಕಾಗ ಯಾವ ದ್ವೀಪ ಎಂದು ತಂಡದವರು ಬಾಯಿಬಿಡದಿದ್ದುದು ಇದಕ್ಕೇ. ಭಿತ್ತಿಪತ್ರದಲ್ಲಿ ನೀವೂ ಊಹೆಯ ನಕ್ಷೆ ಹಾಕಬೇಡಿ, "ಉತ್ತರ ಮಲುಕು" ಸಾಕು. ಗೂಡು ಮನುಷ್ಯರ ಕೈಗೆಟುಕುವ ಎತ್ತರದಲ್ಲಿರುವ ಕೀಟ ಇದು.

ಹಾಗೆಯೇ ಜೇನಿಗೆ "ಅಳಿದುಹೋಗಿತ್ತು" ಎಂದು ಬರೆಯಬೇಡಿ. ಬ್ರಿಟಿಷ್ ಪ್ರಕೃತಿವಿಜ್ಞಾನಿ ವ್ಯಾಲೇಸ್ 1858-59ರಲ್ಲಿ ಬಚಾನ್‌ನಲ್ಲಿದ್ದಾಗ ಸಿಕ್ಕ ಒಂದೇ ಹೆಣ್ಣು, ಆಮೇಲೆ 1981ರವರೆಗೆ ವಿಜ್ಞಾನಿಗಳ ಕಣ್ಣಿಗೆ ಬೀಳಲಿಲ್ಲ, ಅಷ್ಟೇ. ಅಲ್ಲಿನ ಜನಕ್ಕೆ ಅದು ಗೊತ್ತಿತ್ತು, ರಾಜಜೇನು ಎಂಬರ್ಥದ ಹೆಸರೂ ಇಟ್ಟಿದ್ದರು.

ಜೀರುಂಡೆ:

ಚಿತ್ರದ ಬಗ್ಗೆ ಒಂದು ಮಾತು. ದೈತ್ಯ ಜೇನಿನ ಪಕ್ಕದಲ್ಲಿ ಪುಟ್ಟ ಯುರೋಪಿನ ಜೇನು ಹಾರುತ್ತಿರುವ ಚಿತ್ರವನ್ನೇ ಎಲ್ಲರೂ ಹಾಕುತ್ತಾರೆ. ಅದು ಗಾತ್ರ ತೋರಿಸಲು ಎರಡು ಚಿತ್ರ ಜೋಡಿಸಿದ್ದು, ಕಾಡಿನಲ್ಲಿ ಹಾಗೆ ಜೊತೆಯಾಗಿ ಸಿಕ್ಕಿದ್ದಲ್ಲ. ಹಾಕುವುದಾದರೆ ಕೆಳಗೆ "ಜೋಡಿಸಿದ ಚಿತ್ರ" ಎಂದು ಬರೆದು, ಅನುಮತಿ ಕೇಳಿ ಹಾಕಿ. ಕಡ್ಡಿಹುಳಕ್ಕೆ ಹಸಿರು ಮರಿ, ಕಪ್ಪು ಹೆಣ್ಣು ಎರಡನ್ನೂ ಹಾಕಿ. ಒಂದನ್ನೇ ಹಾಕಿದರೆ ನೋಡಿದವರು ಇನ್ನೊಂದನ್ನು ಬೇರೆ ಕೀಟ ಅಂದುಕೊಳ್ಳುತ್ತಾರೆ.